ವೆನ್ ಚಿತ್ರದಲ್ಲಿ ಅನಂತ ಗಣ: ವೃತ್ತದೊಳಗೆ ಏನು ಬರೆಯಬೇಕು, ಏನು ಬರೆಯಬಾರದು

ಸ್ವಾಭಾವಿಕ ಸಂಖ್ಯೆಗಳಲ್ಲಿ 2ರ ಅಪವರ್ತ್ಯಗಳು ಮತ್ತು 3ರ ಅಪವರ್ತ್ಯಗಳನ್ನು ವೆನ್ ಚಿತ್ರದಲ್ಲಿ ತೋರಿಸಿ ಎಂದರೆ ಹೆಚ್ಚಿನವರು ಎರಡು ವೃತ್ತ ಎಳೆದು ಸಂಖ್ಯೆ ತುಂಬಲು ಶುರುಮಾಡುತ್ತಾರೆ. 2ರ ಕಡೆ (3ರ ವೃತ್ತಕ್ಕೆ ಸೇರದ ಭಾಗದಲ್ಲಿ) 2, 4, 8 ಎಂದು ಬರೆಯುವಷ್ಟರಲ್ಲಿ ಜಾಗ ಸಾಲದು ಎನಿಸುತ್ತದೆ, ಮೂರು ಚುಕ್ಕಿ ಇಟ್ಟು ಮುಂದಕ್ಕೆ ಹೋಗುತ್ತಾರೆ. ಈಗ ಆ ಚಿತ್ರವನ್ನು ಬೇರೆಯವರ ಕೈಗೆ ಕೊಡಿ. '2, 4, 8, …' ಎಂದು ಓದಿದವರು ಮುಂದಿನದು 16, ಆಮೇಲೆ 32 ಎಂದುಕೊಳ್ಳುತ್ತಾರೆ. ಅಲ್ಲಿ ಬರಬೇಕಾದ್ದು 10, 14, 16, 20. ಚುಕ್ಕಿಗಳು ಅನಂತವನ್ನು ಹೇಳಿದವು, ಯಾವ ಅನಂತ ಎಂಬುದನ್ನು ಹೇಳಲಿಲ್ಲ.

ತೊಂದರೆಯ ಬೇರು ಇರುವುದು ವೃತ್ತವನ್ನು ಚೀಲ ಎಂದುಕೊಳ್ಳುವುದರಲ್ಲಿ. ಚೀಲಕ್ಕೆ ಅನಂತ ಸಂಖ್ಯೆಗಳು ಹಿಡಿಸುವುದಿಲ್ಲ. ಆದರೆ ಜಾನ್ ವೆನ್ 1880ರ ಲೇಖನದಲ್ಲಿ ಈ ಚಿತ್ರಗಳನ್ನು ಮುಂದಿಟ್ಟಿದ್ದು ತರ್ಕದ ವಾಕ್ಯಗಳಿಗಾಗಿ. 'ಎಲ್ಲ ಎಕ್ಸ್‌ಗಳೂ ವೈ', 'ಯಾವ ಎಕ್ಸ್ ಕೂಡ ವೈ ಅಲ್ಲ' ಎಂಬಂಥ ಮಾತುಗಳನ್ನು ಗೆರೆಯಲ್ಲಿ ಹಿಡಿಯುವುದು ಅವರ ಉದ್ದೇಶ. ಎಕ್ಸ್‌ಗಳು ಹತ್ತಿವೆಯೋ ಕೋಟಿಯಿವೆಯೋ ಮುಗಿಯದಷ್ಟಿವೆಯೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಒಂದೊಂದು ವೃತ್ತವೂ ಒಂದು ಹೌದು–ಅಲ್ಲ ಪ್ರಶ್ನೆ, ಒಂದೊಂದು ವಲಯವೂ ಆ ಪ್ರಶ್ನೆಗಳಿಗೆ ಸಿಗುವ ಉತ್ತರಗಳ ಒಂದು ಜೋಡಣೆ. ಎರಡು ವೃತ್ತಕ್ಕೆ 4 ವಲಯ, ಮೂರಕ್ಕೆ 8. ಹೀಗೆ ನೋಡಿದರೆ ಅನಂತ ಗಣ ವೆನ್ ಚಿತ್ರಕ್ಕೆ ಭಾರವೇ ಅಲ್ಲ. ಭಾರವಾಗುವುದು ಬೇರೆ ನಾಲ್ಕೈದು ಸಂಗತಿಗಳು. ಅವನ್ನು ಮುಂದೆ ನೋಡೋಣ.

ಮೊದಲು ಕಾಗದದ ಕೆಲಸ. ಚೌಕಟ್ಟು ಎಳೆಯುವ ಮೊದಲೇ ವಿಶ್ವಗಣ (ನಾವು ಮಾತಾಡುತ್ತಿರುವ ಎಲ್ಲ ಸಂಖ್ಯೆಗಳ ಗಣ) ಯಾವುದೆಂದು ಅದರ ಮೂಲೆಯಲ್ಲಿ ಬರೆದುಬಿಡಿ. ಪರಿಮಿತ ಗಣಗಳ ಲೆಕ್ಕದಲ್ಲಿ ಇದನ್ನು ಮರೆತರೂ ಹೇಗೋ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಸಮ ಸಂಖ್ಯೆಗಳ ಪೂರಕ ಗಣ, ಅಂದರೆ ಆ ವೃತ್ತದ ಹೊರಗೆ ಉಳಿಯುವ ಗಣ, ಯಾವುದು? ವಿಶ್ವಗಣ ಸ್ವಾಭಾವಿಕ ಸಂಖ್ಯೆಗಳಾದರೆ 1, 3, 5, 7 ಮುಂತಾದ ಬೆಸ ಸಂಖ್ಯೆಗಳು. ಪೂರ್ಣಾಂಕಗಳಾದರೆ −1, −3 ಕೂಡ ಬರುತ್ತವೆ. ವಾಸ್ತವ ಸಂಖ್ಯೆಗಳಾದರೆ 1/2, √2, π ಎಲ್ಲವೂ ಅದೇ ವಲಯಕ್ಕೆ ಬಂದು ಬೀಳುತ್ತವೆ, ಆಗ ಹೊರಗಿನ ವಲಯ ಒಳಗಿನದಕ್ಕಿಂತ ಬೇರೆಯೇ ದರ್ಜೆಯ ಅನಂತ. ಚೌಕಟ್ಟು ಅಂದರೆ 'ಜಗತ್ತಿನಲ್ಲಿರುವುದೆಲ್ಲ' ಎಂದು ಬಿಟ್ಟುಬಿಡುವ ಅಭ್ಯಾಸವೂ ಉಂಟು. ಅದಂತೂ ಸಾಧ್ಯವೇ ಇಲ್ಲ. ಎಲ್ಲ ಗಣಗಳನ್ನೂ ಒಳಗೊಂಡ ಒಂದು ಗಣ ಇದೆ ಎಂದುಕೊಂಡರೆ ವಿರೋಧಾಭಾಸಕ್ಕೆ ಸಿಕ್ಕಿಬೀಳುತ್ತೇವೆ; 1901ರಲ್ಲಿ ಬರ್ಟ್ರಂಡ್ ರಸೆಲ್ ಕಂಡುಕೊಂಡ ಗಂಟು ಇದೇ ಬಗೆಯದು.

ಮೂರು ಗಣಗಳಿಗೆ ಅಳತೆ ಹೀಗಿಟ್ಟುಕೊಳ್ಳಿ. ಕೈವಾರದಲ್ಲಿ 3 ಸೆಂ.ಮೀ. ತ್ರಿಜ್ಯ. ಮೂರು ಕೇಂದ್ರಗಳು 3.5 ಸೆಂ.ಮೀ. ಬಾಹುವಿನ ಸಮಬಾಹು ತ್ರಿಭುಜದ ಶೃಂಗಗಳಲ್ಲಿ. ಆಗ ಮೂರೂ ವೃತ್ತ ಸೇರಿ ಸುಮಾರು 9.5 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರ ಬರುತ್ತದೆ, 12 × 11 ಸೆಂ.ಮೀ. ಚೌಕಟ್ಟು ಎಳೆದರೆ ಹೊರಗಿನ ವಲಯದಲ್ಲೂ ಬರೆಯಲು ಜಾಗ ಸಿಗುತ್ತದೆ. ಕೇಂದ್ರಗಳ ಅಂತರ 5 ಸೆಂ.ಮೀ. ದಾಟಿದರೆ ನಡುವಿನ ವಲಯ ಪೆನ್ನಿನ ಮೊನೆಯಷ್ಟಾಗುತ್ತದೆ, 5.2ರ ಹತ್ತಿರ ಪೂರ್ತಿ ಮಾಯ. 1 ಸೆಂ.ಮೀ.ಗೆ ಇಳಿಸಿದರೆ ಅಂಚಿನ ವಲಯಗಳು ತೆಳ್ಳಗಾಗಿ ಏನೂ ಬರೆಯಲಾಗುವುದಿಲ್ಲ.

ಪ್ರತಿ ವಲಯದಲ್ಲಿ ಎರಡೇ ಬರಹ ಇರಲಿ. ಒಂದು, ನಿಯಮ: '3ರಿಂದ ಭಾಗವಾಗುತ್ತದೆ, 2, 5ರಿಂದ ಆಗುವುದಿಲ್ಲ' ಎಂಬಂತೆ. ಇನ್ನೊಂದು, ಮಾದರಿಗೆ ಮೂರೋ ನಾಲ್ಕೋ ಸಂಖ್ಯೆ. ನಿಯಮವೇ ಮುಖ್ಯ, ಸಂಖ್ಯೆಗಳು ಸಾಕ್ಷಿಗೆ ಮಾತ್ರ. ಜಾಗ ಕಡಿಮೆಯಾದರೆ ಬಿಡಬೇಕಾದ್ದು ಸಂಖ್ಯೆಗಳನ್ನೇ. ಇದರ ಜೊತೆಗೆ ಒಂದು ಗುರುತು: ವಲಯ ಖಾಲಿಯಾದರೆ ಓರೆಗೀಟು ಎಳೆದು ತುಂಬಿ, ಪರಿಮಿತವಾದರೆ ಎಷ್ಟಿವೆ ಎಂದು ಎಣಿಕೆ ಬರೆದು ಸುತ್ತು ಹಾಕಿ, ಅನಂತವಾದರೆ ∞. ಏನೂ ಗೊತ್ತಿಲ್ಲದಿದ್ದರೆ ಪ್ರಶ್ನೆ ಚಿಹ್ನೆ. ಗೀಟು ಹಾಕಿದ ವಲಯ ಖಾಲಿ ಎಂಬುದು ವೆನ್ ಅವರದೇ ರೂಢಿ. ಬಹಳ ಕಡೆ ಇದಕ್ಕೆ ತದ್ವಿರುದ್ಧವಾಗಿ 'ಉತ್ತರ ಈ ಭಾಗ' ಎಂದು ತೋರಿಸಲು ಬಣ್ಣ ತುಂಬುತ್ತಾರೆ. ಎರಡೂ ಒಂದೇ ಚಿತ್ರದಲ್ಲಿ ಬಂದರೆ ಓದುವವರ ಪಾಡು ಕೇಳಬೇಡಿ. ಒಂದನ್ನು ಆರಿಸಿ ಅಂಚಿನಲ್ಲಿ ಬರೆದಿಡಿ.

ಈಗ 2, 3, 5ರ ಅಪವರ್ತ್ಯಗಳ ಚಿತ್ರವನ್ನು ಪೂರ್ತಿ ಬಿಡಿಸೋಣ. ಇಲ್ಲಿ ಒಂದು ಅನುಕೂಲವಿದೆ. ಒಂದು ಸಂಖ್ಯೆ ಯಾವ ವಲಯಕ್ಕೆ ಸೇರುತ್ತದೆ ಎಂಬುದು ಅದನ್ನು 30ರಿಂದ ಭಾಗಿಸಿದಾಗ ಬರುವ ಶೇಷವನ್ನಷ್ಟೇ ಅವಲಂಬಿಸಿದೆ, ಏಕೆಂದರೆ 2, 3, 5ರ ಲ.ಸಾ.ಅ. 30. ಹಾಗಾಗಿ 1ರಿಂದ 30ರವರೆಗೆ ಹಂಚಿದರೆ ಸಾಕು, ಆಚೆಗಿನ ಸಂಖ್ಯೆಗಳೆಲ್ಲ ಅದೇ ಹಂಚಿಕೆಯ ಪುನರಾವರ್ತನೆ:

2 ಮಾತ್ರ: 2, 4, 8, 14, 16, 22, 26, 28
3 ಮಾತ್ರ: 3, 9, 21, 27
5 ಮಾತ್ರ: 5, 25
2 ಮತ್ತು 3: 6, 12, 18, 24
2 ಮತ್ತು 5: 10, 20
3 ಮತ್ತು 5: 15
ಮೂರೂ: 30
ಯಾವುದೂ ಅಲ್ಲ: 1, 7, 11, 13, 17, 19, 23, 29

8 + 4 + 2 + 4 + 2 + 1 + 1 + 8 = 30, ತಾಳೆಯಾಯಿತು. ಎಂಟೂ ವಲಯಗಳಿಗೆ ∞ ಗುರುತು ಬೀಳುತ್ತದೆ, ಒಂದೊಂದು ಶೇಷಕ್ಕೂ 30 ಸೇರಿಸುತ್ತಾ ಹೋದರೆ ಮುಗಿಯುವುದಿಲ್ಲವಲ್ಲ. 2025 ಎಲ್ಲಿ ಹೋಗುತ್ತದೆ? 30 × 67 = 2010, ಶೇಷ 15, ಆದ್ದರಿಂದ '3 ಮತ್ತು 5' ವಲಯ. 1000ಕ್ಕೆ ಶೇಷ 10, '2 ಮತ್ತು 5'. 137ಕ್ಕೆ ಶೇಷ 17, ಅದು ಹೊರಗೆ.

ವಲಯಗಳಿಗೆ ∞ ಎಂದಷ್ಟೇ ಬರೆದು ಸಮಾಧಾನವಾಗದವರು ಪಕ್ಕದಲ್ಲಿ 8/30, 4/30 ಎಂದು ಪ್ರಮಾಣವನ್ನೂ ಬರೆಯಬಹುದು. ಅದು ಸಾಂದ್ರತೆ, ಸಂಖ್ಯೆಗಳ ಸಾಲಿನಲ್ಲಿ ಎಷ್ಟು ದಟ್ಟವಾಗಿ ಬರುತ್ತವೆ ಎಂಬುದರ ಅಳತೆ. ಇದನ್ನು ಎಣಿಸಿ ಪರೀಕ್ಷಿಸುವಾಗ 30ರ ಅಪವರ್ತ್ಯದಲ್ಲೇ ನಿಲ್ಲಿಸಬೇಕು. 300ರವರೆಗೆ ಎಣಿಸಿದರೆ ಹೊರಗಿನ ವಲಯದಲ್ಲಿ ಸರಿಯಾಗಿ 80 ಸಿಗುತ್ತವೆ. 100ಕ್ಕೆ ನಿಲ್ಲಿಸಿದರೆ ಸಿಗುವುದು 26. 8/30ರ ಲೆಕ್ಕದಲ್ಲಿ 26.67 ಬರಬೇಕಿತ್ತಲ್ಲ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ತಪ್ಪೇನೂ ಆಗಿಲ್ಲ, ಸುತ್ತು ಅರ್ಧದಲ್ಲಿ ಕಡಿದಿದೆ ಅಷ್ಟೆ.

2, 3, 5 ಅವಿಭಾಜ್ಯಗಳಾದ್ದರಿಂದ ಛೇದನ (ಎಲ್ಲ ಗಣಗಳಿಗೂ ಸೇರಿದ ಭಾಗ) ಹುಡುಕಲು ಗುಣಿಸಿದರೆ ಸಾಕಾಯಿತು. ಈ ಅಭ್ಯಾಸ 4 ಮತ್ತು 6ಕ್ಕೆ ಬಂದಾಗ ಕೈಕೊಡುತ್ತದೆ. ನಡುವಿನ ವಲಯಕ್ಕೆ '24ರ ಅಪವರ್ತ್ಯಗಳು' ಎಂದು ಬರೆದರೆ 12, 36, 60 ಬೀದಿಪಾಲು. ಛೇದನ ಅಂದರೆ ಲ.ಸಾ.ಅ.ದ ಅಪವರ್ತ್ಯಗಳು, ಇಲ್ಲಿ 12. ಇದೇ ರೀತಿ 2 ಮತ್ತು 4ರ ಅಪವರ್ತ್ಯಗಳಲ್ಲಿ '4 ಹೌದು, 2 ಅಲ್ಲ' ಎಂಬ ವಲಯ ಖಾಲಿ. ಅದಕ್ಕೆ ಗೀಟು ಹಾಕಿದರೆ ವೆನ್ ಚಿತ್ರ. 4ರ ವೃತ್ತವನ್ನು 2ರ ವೃತ್ತದೊಳಗೇ ಎಳೆದುಬಿಟ್ಟರೆ ಅದು ಆಯ್ಲರ್ ಚಿತ್ರ. ಲೆಯೊನಾರ್ಡ್ ಆಯ್ಲರ್ ಈ ಬಗೆಯ ವೃತ್ತಗಳನ್ನು ವೆನ್‌ಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ ಬಳಸಿದ್ದರು. ಸಂಬಂಧ ಮೊದಲೇ ಗೊತ್ತಿದ್ದರೆ ಆಯ್ಲರ್ ಚಿತ್ರ ಕಣ್ಣಿಗೆ ಹಗುರ. ಗೊತ್ತಿಲ್ಲದೆ ಹುಡುಕಲು ಹೊರಟಿದ್ದರೆ ಮಾತ್ರ ಎಲ್ಲ ವಲಯಗಳನ್ನೂ ತೆರೆದಿಟ್ಟುಕೊಂಡು ಒಂದೊಂದಾಗಿ ಮುಚ್ಚುತ್ತಾ ಹೋಗುವ ವೆನ್ ಪದ್ಧತಿಯೇ ಸುರಕ್ಷಿತ. ಅನಂತ ಗಣಗಳಲ್ಲಿ ನನ್ನ ಮತ ಯಾವಾಗಲೂ ವೆನ್‌ಗೆ.

ನಾಲ್ಕನೆಯ ಗಣವಾಗಿ 7ರ ಅಪವರ್ತ್ಯಗಳನ್ನು ಸೇರಿಸಿದರೆ 16 ವಲಯ ಬೇಕು. ನಾಲ್ಕು ವೃತ್ತಗಳಿಂದ ಎಷ್ಟೇ ತಿಣುಕಿದರೂ ಹೊರಗಿನದೂ ಸೇರಿ 14ಕ್ಕಿಂತ ಹೆಚ್ಚು ಬರುವುದಿಲ್ಲ. ಚೌಕದ ನಾಲ್ಕು ಮೂಲೆಗಳಲ್ಲಿ ಕೇಂದ್ರವಿಟ್ಟು 2, 3, 5, 7 ಎಂದು ಸುತ್ತಲೂ ಬರೆದಿರೆನ್ನಿ. ಕರ್ಣದ ಎರಡು ತುದಿಯಲ್ಲಿರುವ 2 ಮತ್ತು 5 ಎರಡಕ್ಕೇ ಸೇರಿದ ವಲಯ ಇರುವುದಿಲ್ಲ, 3 ಮತ್ತು 7ರದ್ದೂ ಇಲ್ಲ. 10, 20, 40ಕ್ಕೆ ಜಾಗವಿಲ್ಲ, 21 ಮತ್ತು 63ಕ್ಕೂ ಇಲ್ಲ. ಪೂರ್ತಿ ಹುಡುಕದವರಿಗೆ ಈ ಕೊರತೆ ಕಾಣುವುದೇ ಇಲ್ಲ, ಏಕೆಂದರೆ ಚಿತ್ರ ನೋಡಲು ಅಚ್ಚುಕಟ್ಟಾಗಿರುತ್ತದೆ. ವೆನ್ ಇದಕ್ಕಾಗಿಯೇ ನಾಲ್ಕು ದೀರ್ಘವೃತ್ತಗಳ ಚಿತ್ರ ಕೊಟ್ಟರು. ಕೈಯಲ್ಲಿ ದೀರ್ಘವೃತ್ತ ಎಳೆಯುವುದು ರಗಳೆ ಎನಿಸಿದರೆ ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲಿನ ಕೋಷ್ಟಕ ಹಾಕಿ. ಅಡ್ಡಸಾಲುಗಳಿಗೆ 2 ಮತ್ತು 3ರ ಹೌದು–ಅಲ್ಲ, ಕಂಬಸಾಲುಗಳಿಗೆ 5 ಮತ್ತು 7ರದ್ದು. ಹದಿನಾರೂ ಮನೆಗಳು ಸಿಗುತ್ತವೆ, ಹುಡುಕಲು 1ರಿಂದ 210ರವರೆಗಿನ ಸಂಖ್ಯೆಗಳು ಸಾಕು.

ಎಲ್ಲ ವಲಯಗಳೂ ಅನಂತವಾಗಿರಲೇಬೇಕು ಎಂದೇನಿಲ್ಲ. ಸಮ ಸಂಖ್ಯೆಗಳು ಮತ್ತು ಅವಿಭಾಜ್ಯ ಸಂಖ್ಯೆಗಳು, ಎರಡೂ ಅನಂತ ಗಣ. ಅವುಗಳ ಛೇದನದಲ್ಲಿ ಇರುವುದು 2 ಒಂದೇ, ಸುತ್ತು ಹಾಕಿ 1 ಎಂದು ಬರೆಯಿರಿ. ಉಳಿದ ಮೂರು ವಲಯಗಳು ಅನಂತ: 4, 6, 8 ಒಂದರಲ್ಲಿ, 3, 5, 7 ಇನ್ನೊಂದರಲ್ಲಿ, ಹೊರಗೆ 1, 9, 15, 21. ಹೊರಗಿನ ವಲಯದಲ್ಲಿ 1 ಇರುವುದನ್ನು ಮರೆಯುವವರು ಬಹಳ. ಅದು ಸಮವೂ ಅಲ್ಲ, ಅವಿಭಾಜ್ಯವೂ ಅಲ್ಲ.

ಇನ್ನು ಪರೀಕ್ಷೆಯ ಪ್ರೀತಿಯ ಸೂತ್ರ. ಎ ∪ ಬಿ ಯ ಎಣಿಕೆ = ಎ ಎಣಿಕೆ + ಬಿ ಎಣಿಕೆ − ಎ ∩ ಬಿ ಎಣಿಕೆ. ಇಲ್ಲಿ ∪ ಅಂದರೆ ಸಂಯೋಗ, ಎರಡರಲ್ಲಿ ಒಂದಕ್ಕಾದರೂ ಸೇರಿದವು; ∩ ಅಂದರೆ ಛೇದನ. ಅನಂತ ಗಣಕ್ಕೆ ಇದು 'ತಪ್ಪು' ಎಂದು ಕೆಲವರು ಹೇಳಿಬಿಡುತ್ತಾರೆ. ಸರಿಯಾಗಿ ಹೇಳಬೇಕೆಂದರೆ, ಕೂಡುವ ರೂಪದಲ್ಲಿ (ಸಂಯೋಗದ ಗಾತ್ರ + ಛೇದನದ ಗಾತ್ರ = ಎರಡೂ ಗಣಗಳ ಗಾತ್ರದ ಮೊತ್ತ) ಅದು ಅನಂತಕ್ಕೂ ನಿಲ್ಲುತ್ತದೆ. ಮುರಿದುಬೀಳುವುದು ಕಳೆಯುವ ಚಿಹ್ನೆ. ಸ್ವಾಭಾವಿಕ ಸಂಖ್ಯೆಗಳಿಂದ ಸಮ ಸಂಖ್ಯೆಗಳನ್ನು ತೆಗೆದರೆ ಅನಂತ ಉಳಿಯುತ್ತದೆ. 10ಕ್ಕಿಂತ ದೊಡ್ಡ ಸಂಖ್ಯೆಗಳನ್ನು ತೆಗೆದರೆ ಉಳಿಯುವುದು 10 ಮಾತ್ರ. ಎರಡೂ ಸಲ ತೆಗೆದದ್ದು ಅನಂತದಿಂದ ಅನಂತವನ್ನೇ, ಅದೂ ಒಂದೇ ಗಾತ್ರದ ಅನಂತವನ್ನು. ಕಳೆಯುವುದಕ್ಕೆ ಒಂದೇ ಉತ್ತರ ಇಲ್ಲವೆಂದ ಮೇಲೆ ಸೂತ್ರದಲ್ಲಿ ಅದನ್ನು ಬರೆಯುವಂತಿಲ್ಲ. ವಲಯಗಳ ಗಾತ್ರ ಬೇಕೆಂದರೆ ವಲಯಗಳನ್ನೇ ನೇರವಾಗಿ ನೋಡಬೇಕು.

ಸಮೀಕರಣಗಳ ಮಾತು ಬೇರೆ. ಡಿ ಮಾರ್ಗನ್ ನಿಯಮ ತೆಗೆದುಕೊಳ್ಳಿ: ಸಂಯೋಗದ ಪೂರಕ ಅಂದರೆ ಪೂರಕಗಳ ಛೇದನ. ಇದನ್ನು ವೆನ್ ಚಿತ್ರದಲ್ಲಿ ತೋರಿಸಿದ್ದು ಅನಂತ ಗಣಕ್ಕೂ ಸಾಲುತ್ತದೆಯೇ ಎಂಬ ಅನುಮಾನ ಸಹಜ. ಸಾಲುತ್ತದೆ. ನಾಲ್ಕು ವಲಯಗಳಲ್ಲಿ ಯಾವುದನ್ನೇ ಹಿಡಿದು ನೋಡಿದರೂ, ಅದರಲ್ಲಿರುವ ಒಂದು ಗಣಾಂಶ ಎಡಬದಿಗೆ ಸೇರಿದರೆ ಬಲಬದಿಗೂ ಸೇರುತ್ತದೆ, ಸೇರದಿದ್ದರೆ ಎರಡಕ್ಕೂ ಇಲ್ಲ. ವಾದ ಒಂದೊಂದು ಗಣಾಂಶದ ಬಗ್ಗೆ ನಡೆಯುವುದರಿಂದ ಅವು ಎಷ್ಟಿವೆ ಎಂಬುದು ಬೇಕಾಗಿಯೇ ಇಲ್ಲ. ಒಂದೇ ಷರತ್ತು, ಚಿತ್ರದಲ್ಲಿ ಬೇಕಾದ ಎಲ್ಲ ವಲಯಗಳೂ ಇರಬೇಕು. ಮೇಲಿನ ನಾಲ್ಕು ವೃತ್ತಗಳ ಚಿತ್ರದಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ. (ಆಗಸ್ಟಸ್ ಡಿ ಮಾರ್ಗನ್ 1806ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ತಮಿಳುನಾಡಿನ ಮದುರೆಯಲ್ಲಿ. ತರಗತಿಯಲ್ಲಿ ಈ ಮಾತು ಹೇಳಿದರೆ ನಿದ್ದೆಯಲ್ಲಿದ್ದವರೂ ಎದ್ದು ಕೂರುತ್ತಾರೆ.)

ಚಿತ್ರ ಸುಳ್ಳು ಹೇಳುವುದು ಗಾತ್ರದ ವಿಷಯದಲ್ಲಿ. ದೊಡ್ಡ ವೃತ್ತದೊಳಗೆ ಚಿಕ್ಕ ವೃತ್ತ ಎಳೆದೊಡನೆ ಒಳಗಿನದು 'ಕಡಿಮೆ' ಎಂದು ಕಣ್ಣು ತೀರ್ಮಾನಿಸಿಬಿಡುತ್ತದೆ. ವರ್ಗ ಸಂಖ್ಯೆಗಳನ್ನು ನೋಡಿ. 100ರವರೆಗೆ ಅವು 10, ಹತ್ತು ಸಾವಿರದವರೆಗೆ 100, ಹತ್ತು ಲಕ್ಷದವರೆಗೆ 1000. ಹತ್ತರಲ್ಲೊಂದು, ನೂರರಲ್ಲೊಂದು, ಸಾವಿರದಲ್ಲೊಂದು. ಮುಂದೆ ಹೋದಷ್ಟೂ ವಿರಳವಾಗಿ ಸಾಂದ್ರತೆ ಸೊನ್ನೆಯತ್ತ ಇಳಿಯುತ್ತದೆ. ಆದರೂ 1ಕ್ಕೆ 1, 2ಕ್ಕೆ 4, 3ಕ್ಕೆ 9 ಎಂದು ಜೋಡಿ ಮಾಡುತ್ತಾ ಹೋದರೆ ಎರಡೂ ಕಡೆ ಒಂದೂ ಮಿಗುವುದಿಲ್ಲ. 1638ರಲ್ಲಿ ಅಚ್ಚಾದ ಪುಸ್ತಕದಲ್ಲಿ ಗೆಲಿಲಿಯೋ ಇದನ್ನೇ ಎತ್ತಿಕೊಂಡು, ಅನಂತಗಳಿಗೆ ಹೆಚ್ಚು–ಕಡಿಮೆ–ಸಮ ಎಂಬ ಮಾತೇ ಸಲ್ಲದು ಎಂದು ಕೈಬಿಟ್ಟ. 1888ರಲ್ಲಿ ರಿಚರ್ಡ್ ಡೆಡೆಕಿಂಡ್ ಅದನ್ನೇ ತಿರುಗಿಸಿ ವ್ಯಾಖ್ಯೆ ಮಾಡಿದರು: ತನ್ನದೇ ಒಂದು ಶುದ್ಧ ಉಪಗಣದೊಂದಿಗೆ (ತನ್ನ ಒಂದು ಗಣಾಂಶವನ್ನಾದರೂ ಬಿಟ್ಟಿರುವ ಭಾಗದೊಂದಿಗೆ) ಒಂದಕ್ಕೊಂದು ಜೋಡಿಯಾಗಬಲ್ಲ ಗಣವೇ ಅನಂತ. ಅಂದರೆ ಅನಂತದ ಲಕ್ಷಣ ಯಾವುದೋ ಅದನ್ನೇ ವೃತ್ತದೊಳಗಿನ ವೃತ್ತ ಮರೆಮಾಚುತ್ತದೆ. ಪರಿಹಾರ ಸುಲಭ. ಗಾತ್ರದ ಮಾತು ಬಂದಾಗ ವೆನ್ ಚಿತ್ರದ ಪಕ್ಕದಲ್ಲಿ ಎರಡು ಸಾಲು ಬರೆದು ಬಾಣ ಹಾಕಿ: ಮೇಲೆ 1, 2, 3, 4, ಕೆಳಗೆ 1, 4, 9, 16. ಸದಸ್ಯತ್ವಕ್ಕೆ ವೃತ್ತ, ಗಾತ್ರಕ್ಕೆ ಬಾಣ. ಒಂದರ ಕೆಲಸ ಇನ್ನೊಂದರಿಂದ ಮಾಡಿಸಲು ಹೋಗಬಾರದು.

ಇದೇ ಕಣ್ಕಟ್ಟು ಅತಿ ಹೆಚ್ಚು ಕಾಣುವುದು ಸಂಖ್ಯಾ ವ್ಯವಸ್ಥೆಯ ಚಿತ್ರದಲ್ಲಿ. ಒಂದರೊಳಗೊಂದು: ಸ್ವಾಭಾವಿಕ, ಪೂರ್ಣ, ಪೂರ್ಣಾಂಕ, ಭಾಗಲಬ್ಧ, ವಾಸ್ತವ. ನಮ್ಮ ಶಾಲಾ ಪಠ್ಯಗಳಲ್ಲಿ ಸ್ವಾಭಾವಿಕ ಸಂಖ್ಯೆ ಶುರುವಾಗುವುದು 1ರಿಂದ, 0 ಸೇರುವುದು ಪೂರ್ಣ ಸಂಖ್ಯೆಗಳಲ್ಲಿ. ಹಾಗಾಗಿ ಆ ಎರಡು ವೃತ್ತಗಳ ನಡುವಿನ ಉಂಗುರದಲ್ಲಿ ಇರುವುದು ಒಂದೇ ಒಂದು ಸಂಖ್ಯೆ. ಅದರ ಹೊರಗಿನ ಉಂಗುರದಲ್ಲಿ ಋಣ ಪೂರ್ಣಾಂಕಗಳು, ಅನಂತ. ಚಿತ್ರದಲ್ಲಿ ಎರಡು ಉಂಗುರಗಳೂ ಒಂದೇ ದಪ್ಪ!

ಅಭಾಗಲಬ್ಧಗಳಿಗೆ ಪ್ರತ್ಯೇಕ ವೃತ್ತ ಎಳೆಯುವುದು ಇನ್ನೊಂದು ಎಡವಟ್ಟು. ಚೌಕಟ್ಟು ವಾಸ್ತವ ಸಂಖ್ಯೆಗಳಾಗಿದ್ದರೆ ಭಾಗಲಬ್ಧ ವೃತ್ತದ ಹೊರಗೆ ಉಳಿದದ್ದೆಲ್ಲ ಅಭಾಗಲಬ್ಧವೇ. ಬೇರೆ ವೃತ್ತ ಎಳೆದರೆ ಎರಡೂ ವೃತ್ತಗಳ ಹೊರಗೆ ಖಾಲಿ ಜಾಗ ಬಿದ್ದು, ಭಾಗಲಬ್ಧವೂ ಅಲ್ಲದ ಅಭಾಗಲಬ್ಧವೂ ಅಲ್ಲದ ವಾಸ್ತವ ಸಂಖ್ಯೆ ಇದೆ ಎಂದು ಹೇಳಿದಂತಾಗುತ್ತದೆ. ಹಂಚುವಾಗ ಗಮನಿಸಬೇಕಾದವು: √9 ಹೋಗುವುದು ಸ್ವಾಭಾವಿಕಕ್ಕೆ, ಅದು 3. 22/7 ಭಾಗಲಬ್ಧ, π ಅಲ್ಲ. 0.333… ಭಾಗಲಬ್ಧ. 0.1010010001…, ಅಂದರೆ ಪ್ರತಿ ಸಲ ಒಂದೊಂದು ಸೊನ್ನೆ ಹೆಚ್ಚುತ್ತಾ ಹೋಗುವುದು, ಅಭಾಗಲಬ್ಧ. ಮಾದರಿ ಇದೆ, ಆವರ್ತನ ಇಲ್ಲ.

ಗಾತ್ರಕ್ಕೆ ಬಂದರೆ ಇಲ್ಲಿ ನಿಜವಾದ ಮೆಟ್ಟಿಲು ಒಂದೇ. ಸ್ವಾಭಾವಿಕದಿಂದ ಭಾಗಲಬ್ಧದವರೆಗಿನ ನಾಲ್ಕು ಗಣಗಳೂ ಒಂದೇ ಗಾತ್ರದವು, ಪಟ್ಟಿ ಮಾಡಿ ಎಣಿಸುತ್ತಾ ಹೋಗಬಹುದಾದ ಅನಂತ, ಅಲೆಫ್ ಸೊನ್ನೆ. ವಾಸ್ತವ ಸಂಖ್ಯೆಗಳು ಹಾಗೆ ಎಣಿಕೆಗೆ ಸಿಗುವುದಿಲ್ಲ ಎಂದು ಗಿಯೋರ್ಗ್ ಕ್ಯಾಂಟರ್ 1874ರಲ್ಲಿ ತೋರಿಸಿದರು, ಹೆಸರಾಂತ ಕರ್ಣ ವಾದ ಬಂದದ್ದು 1891ರಲ್ಲಿ. ಹಾಗಾಗಿ ಒಳಗಿನ ನಾಲ್ಕು ವೃತ್ತ ಒಂದು ದರ್ಜೆ, ಹೊರಗಿನ 'ಉಳಿಕೆ'ಯಾದ ಅಭಾಗಲಬ್ಧ ವಲಯವೇ ಮೇಲಿನ ದರ್ಜೆ. ಮೂಲೆಯಲ್ಲಿ √2, π ಎಂದು ಎರಡು ಗುರುತು ಹಾಕಿ ಬಿಡುವ ಆ ವಲಯದಲ್ಲೇ ಹೆಚ್ಚಿನ ಸಂಖ್ಯೆಗಳೆಲ್ಲ ಇವೆ. ಮತ್ತೊಂದು ವಿಷಯವನ್ನೂ ಚಿತ್ರ ಹೇಳುವುದಿಲ್ಲ: ಎರಡು ವಲಯಗಳ ನಡುವೆ ಗಡಿ ಎಂಬುದಿಲ್ಲ. ಸಂಖ್ಯಾರೇಖೆಯ ಎಷ್ಟೇ ಚಿಕ್ಕ ತುಂಡಿನಲ್ಲೂ ಎರಡೂ ಬಗೆಯವು ಅನಂತವಾಗಿ ಬೆರೆತಿವೆ. ದೂರ, ಕ್ರಮ, ಅಂಚು ಇವೆಲ್ಲ ಬೇಕಾದಾಗ, ಉದಾಹರಣೆಗೆ '0 ಮತ್ತು 3ರ ನಡುವೆ' ಹಾಗೂ '2ರಿಂದ 5ರವರೆಗೆ' ಎಂಬ ಗಣಗಳ ಛೇದನ ಹುಡುಕುವಾಗ, ವೃತ್ತ ಬಿಟ್ಟು ಸಂಖ್ಯಾರೇಖೆ ಎಳೆಯುವುದೇ ಜಾಣತನ. 2 ಸೇರುತ್ತದೆ, 3 ಸೇರುವುದಿಲ್ಲ ಎಂಬುದು ಅಲ್ಲಿ ತುಂಬಿದ ಚುಕ್ಕಿ, ಖಾಲಿ ಚುಕ್ಕಿಯಲ್ಲಿ ಕಾಣುತ್ತದೆ. ವೆನ್ ಚಿತ್ರದ ಗೆರೆಯ ಮೇಲೆ ಯಾವ ಗಣಾಂಶವೂ ಕೂರುವುದಿಲ್ಲ.

ವಲಯ ಖಾಲಿ ಎಂದು ಗೀಟು ಹಾಕುವ ಮುನ್ನ ಎಚ್ಚರ ಬೇಕು. ಪೈಥಾನ್‌ನಲ್ಲಿ ನಾಲ್ಕು ಸಾಲಿನ ಕಂಪ್ಯೂಟರ್ ಪ್ರೋಗ್ರಾಂ ಬರೆದು ಸಾವಿರದವರೆಗೆ ಓಡಿಸಿ 'ಒಂದೂ ಸಿಗಲಿಲ್ಲ, ಖಾಲಿ' ಎನ್ನುವುದು ಪರಿಮಿತ ಗಣದಲ್ಲಿ ಪುರಾವೆ, ಅನಂತದಲ್ಲಿ ಬರೀ ಸುಳಿವು. ಆಯ್ಲರ್ ಅವರ ಎನ್² + ಎನ್ + 41 ಎಂಬ ಸೂತ್ರಕ್ಕೆ 0ಯಿಂದ 39ರವರೆಗೆ ಯಾವ ಸಂಖ್ಯೆ ಹಾಕಿದರೂ ಅವಿಭಾಜ್ಯವೇ ಬರುತ್ತದೆ. 'ಅವಿಭಾಜ್ಯವಲ್ಲದ ಉತ್ತರ ಕೊಡುವ ಸಂಖ್ಯೆಗಳು' ಎಂಬ ವಲಯಕ್ಕೆ ಗೀಟು ಹಾಕಲು ಕೈ ಏಳುವುದು ಸಹಜ. 40 ಹಾಕಿದೊಡನೆ 1681, ಅಂದರೆ 41 × 41. 41 ಹಾಕಿದರೆ 41 × 43. ಮುಂದೆ 41ರ ಪ್ರತಿಯೊಂದು ಅಪವರ್ತ್ಯಕ್ಕೂ ಉತ್ತರ 41ರಿಂದ ಭಾಗವಾಗುತ್ತದೆ, ಹಾಗಾಗಿ ಖಾಲಿ ಎನಿಸಿದ್ದ ವಲಯ ಅನಂತ.

ಪ್ರಶ್ನೆ ಚಿಹ್ನೆ ಹಾಗೇ ಉಳಿಯುವ ವಲಯಗಳೂ ಇವೆ. ಬೆಸ ಸಂಖ್ಯೆಗಳ ಗಣ ಒಂದು, ಪರಿಪೂರ್ಣ ಸಂಖ್ಯೆಗಳ ಗಣ (6, 28, 496, 8128 ಮುಂತಾದವು, ತನ್ನನ್ನು ಬಿಟ್ಟು ಉಳಿದ ಅಪವರ್ತನಗಳ ಮೊತ್ತಕ್ಕೆ ಸಮನಾದವು) ಇನ್ನೊಂದು. ಛೇದನ ಖಾಲಿಯೇ? ಇದ್ದರೆ ಅಂಥ ಸಂಖ್ಯೆ 10ರ 1500ನೇ ಘಾತಕ್ಕಿಂತ ದೊಡ್ಡದಿರಬೇಕು ಎಂದು 2012ರಲ್ಲಿ ಪ್ರಕಟವಾದ ಫಲಿತಾಂಶ ಹೇಳುತ್ತದೆ. ಇಲ್ಲವೇ ಇಲ್ಲ ಎಂದು ಯಾರೂ ಸಾಧಿಸಿಲ್ಲ. ಸಮ ಪರಿಪೂರ್ಣ ಸಂಖ್ಯೆಗಳ ವಲಯಕ್ಕೂ ಸುತ್ತು ಹಾಕಿದ ಎಣಿಕೆಯೋ ∞ ಗುರುತೋ ಎಂದು ತೀರ್ಮಾನವಾಗಿಲ್ಲ. ಇಂಥ ವಲಯವನ್ನು ಪ್ರಾಮಾಣಿಕವಾಗಿ ಪ್ರಶ್ನೆ ಚಿಹ್ನೆಯೊಂದಿಗೇ ಬಿಟ್ಟ ಚಿತ್ರ ನನಗೆ ಹೆಚ್ಚು ಹಿಡಿಸುತ್ತದೆ.

ಕೊನೆಯದು, ವೆನ್ ಚಿತ್ರ ನಿಜಕ್ಕೂ ಸೋಲುವ ಜಾಗ. ಗಣಾಂಶಗಳು ಅನಂತವಾದರೆ ತೊಂದರೆಯಿಲ್ಲ, ಗಣಗಳೇ ಅನಂತವಾದರೆ ಚಿತ್ರ ಕೈಚೆಲ್ಲುತ್ತದೆ.

ಒಂದರೊಳಗೊಂದು ಕೂರುವ ಗಣಗಳು ಮೊದಲು. ಮೊದಲನೆಯದು 0 ಮತ್ತು 1ರ ನಡುವಿನ ಎಲ್ಲ ಸಂಖ್ಯೆಗಳು, ಎರಡನೆಯದು 0 ಮತ್ತು 1/2ರ ನಡುವಿನವು, ಮೂರನೆಯದು 0 ಮತ್ತು 1/3ರ ನಡುವಿನವು, ಹೀಗೇ. ತುದಿಗಳು ಸೇರಿಲ್ಲ. ಐದು ವೃತ್ತ ಎಳೆದರೆ ನಡುವೆ ಐದಕ್ಕೂ ಸೇರಿದ ವಲಯ ಇದೆ, ಐವತ್ತು ಎಳೆದರೂ ಇದೆ. ಎಲ್ಲ ಗಣಗಳಿಗೂ ಸೇರಿದ್ದು ಮಾತ್ರ ಏನೂ ಇಲ್ಲ. ಯಾವುದೇ ಧನ ಸಂಖ್ಯೆ ಹಿಡಿದು ತನ್ನಿ, 1/ಎನ್ ಅದಕ್ಕಿಂತ ಚಿಕ್ಕದಾಗುವ ಒಂದು ಎನ್ ಸಿಗುತ್ತದೆ, ಆ ಗಣ ಅದನ್ನು ಹೊರಗೆ ತಳ್ಳುತ್ತದೆ. ಚಿತ್ರ ಮೋಸ ಮಾಡುವುದಕ್ಕೆ ಗಟ್ಟಿ ಕಾರಣವಿದೆ: ಕಾಗದದ ಮೇಲೆ ಅಂಚು ಸಮೇತ ಒಂದರೊಳಗೊಂದು ಎಷ್ಟೇ ವೃತ್ತ ಎಳೆದರೂ, ಅನಂತ ಎಳೆದರೂ, ಅವಕ್ಕೆಲ್ಲ ಸಾಮಾನ್ಯವಾದ ಒಂದು ಬಿಂದು ಉಳಿದೇ ಉಳಿಯುತ್ತದೆ. ಗಣಗಳಿಗೆ ಆ ನಿರ್ಬಂಧವಿಲ್ಲ. ತುದಿಗಳನ್ನೂ ಸೇರಿಸಿಕೊಂಡರೆ ಛೇದನದಲ್ಲಿ 0 ಉಳಿಯುತ್ತದೆ. ಆ ಎರಡು ಸಂದರ್ಭಗಳ ವೆನ್ ಚಿತ್ರ ನೋಡಲು ಒಂದೇ.

ಒಂದರೊಳಗೊಂದು ಇಲ್ಲದೆ ಎಲ್ಲ ಕಡೆ ಹಾಯುವ ಗಣಗಳಾದರೆ ವಲಯಗಳೇ ಸಿಡಿಯುತ್ತವೆ. 10 ಗಣಕ್ಕೆ 1024 ವಲಯ, 20ಕ್ಕೆ 10,48,576. ಎಷ್ಟೇ ಪರಿಮಿತ ಗಣಗಳಿದ್ದರೂ ವೆನ್ ಚಿತ್ರ ಎಳೆಯುವ ಕ್ರಮವೊಂದಿದೆ, ಅದನ್ನೂ ವೆನ್ ಅವರೇ ಕೊಟ್ಟಿದ್ದಾರೆ. ಆದರೆ ಗಣಗಳು ಅನಂತವಾದಾಗ ವಲಯ ಅಂದರೆ ಹೌದು–ಅಲ್ಲಗಳ ಮುಗಿಯದ ಸಾಲು, ಅಂಥ ಸಾಲುಗಳು ಎಣಿಕೆಗೆ ಸಿಗದಷ್ಟು; ಕ್ಯಾಂಟರ್ ಅವರ ಕರ್ಣ ವಾದ ಇಲ್ಲಿಗೆ ಹಾಗೇ ಹೊಂದುತ್ತದೆ. ಕಾಗದದ ಮೇಲಿನ ಯಾವುದೇ ವಲಯಕ್ಕೆ ಸ್ವಲ್ಪವಾದರೂ ಹರವಿದ್ದರೆ ಅದರೊಳಗೆ ಎರಡೂ ನಿರ್ದೇಶಾಂಕ ಭಾಗಲಬ್ಧವಾಗಿರುವ ಒಂದು ಬಿಂದು ಸಿಗುತ್ತದೆ. ಅಂಥ ಬಿಂದುಗಳನ್ನು ಎಣಿಸಬಹುದು, ಆದ್ದರಿಂದ ಕಾಗದದಲ್ಲಿ ಹಿಡಿಸುವ ವಲಯಗಳನ್ನೂ ಎಣಿಸಬಹುದು. ಬೇಕಾದದ್ದು ಎಣಿಕೆ ಮೀರಿದ್ದು. ಕಾಗದ ದೊಡ್ಡದು ಮಾಡಿ ಪ್ರಯೋಜನವಿಲ್ಲ.

ಆದರೂ ಒಂದು ಒಳದಾರಿ ಇದೆ. ಸ್ವಾಭಾವಿಕ ಸಂಖ್ಯೆಗಳೇ ವಿಶ್ವಗಣ, ಪ್ರತಿ ಅವಿಭಾಜ್ಯಕ್ಕೂ ಅದರ ಅಪವರ್ತ್ಯಗಳ ಒಂದು ಗಣ ಇರಲಿ. ಸಾಧ್ಯವಿರುವ ವಲಯಗಳು ಎಣಿಕೆಗೆ ಮೀರಿದವು, ಆದರೆ ಯಾವ ಸಂಖ್ಯೆಗೂ ಅನಂತ ಅವಿಭಾಜ್ಯ ಅಪವರ್ತನಗಳು ಇರುವುದಿಲ್ಲ. ಹಾಗಾಗಿ ಕೆಲವೇ ಅವಿಭಾಜ್ಯಗಳಿಗೆ ಹೌದು, ಉಳಿದೆಲ್ಲಕ್ಕೂ ಅಲ್ಲ ಎನ್ನುವ ವಲಯಗಳಲ್ಲಿ ಮಾತ್ರ ಜನವಸತಿ, ಅವನ್ನು ಎಣಿಸಬಹುದು. '2 ಮತ್ತು 3 ಮಾತ್ರ' ವಲಯದಲ್ಲಿ 6, 12, 18, 24, 36, 48 ಹೀಗೆ ಅನಂತ. '7 ಮಾತ್ರ' ವಲಯದಲ್ಲಿ 7, 49, 343. ಎಲ್ಲ ವೃತ್ತಗಳ ಹೊರಗೆ 1 ಒಂದೇ. ಇದನ್ನು ವೃತ್ತಗಳಲ್ಲಿ ಬಿಡಿಸುವ ಆಸೆ ಬಿಟ್ಟು, ಎಡಗಡೆ ಅವಿಭಾಜ್ಯಗಳ ಗುಂಪು, ಬಲಗಡೆ ಆ ವಲಯದ ಅತಿ ಚಿಕ್ಕ ಸಂಖ್ಯೆ ಎಂದು ಎರಡು ಕಂಬಸಾಲಿನ ಪಟ್ಟಿ ಮಾಡಿದರೆ ಕೆಲಸ ನಡೆಯುತ್ತದೆ. ಬಲಗಡೆ ಬರುವ 1, 2, 3, 5, 6, 7, 10, 11, 13, 14, 15 ಸಾಲಿನಲ್ಲಿ 4, 8, 9, 12 ಕಾಣೆಯಾಗಿರುವುದು ತಪ್ಪಲ್ಲ: ಯಾವ ಅವಿಭಾಜ್ಯವೂ ಎರಡು ಸಲ ಬರದ ಸಂಖ್ಯೆಗಳಷ್ಟೇ ಅಲ್ಲಿ ನಿಲ್ಲುತ್ತವೆ.